‘ಟ್ರೀಟಿ’ ಹಾಡುವ ಮೊದಲು: ಡಾರ್ವಿನ್‌ನಿಂದ ಸುಹಾಸನಿಗೆ

ಡಾರ್ವಿನ್, ಆಸ್ಟ್ರೇಲಿಯಾ,
ಆಗಸ್ಟ್ 9

ಚಿ. ಸುಹಾಸನಿಗೆ ಮಾವನ ಆಶೀರ್ವಾದಗಳು.

ಇತ್ತ ಎಲ್ಲರೂ ಕ್ಷೇಮ. ಅಕ್ಕ, ಭಾವ, ಅಜ್ಜಿ ಎಲ್ಲರೂ ಆರೋಗ್ಯವಾಗಿದ್ದಾರೆಂದು ನಂಬಿದ್ದೇನೆ.

ಕಾಲೇಜಿನ ಕಾರ್ಯಕ್ರಮಕ್ಕೆ ನೀವು ಇಲ್ಲಿಯ ಯೋತು ಯಿಂಡಿ ತಂಡದ ‘ಟ್ರೀಟಿ’ (ಎಂದರೆ ಒಪ್ಪಂದ) ಹಾಡುತ್ತಿದ್ದೀರಿ ಎಂದು ಅಕ್ಕ ಹೇಳಿದಳು. ನೀನು ಕಳಿಸಿದ ರೆಕಾರ್ಡಿಂಗ್ ಕೇಳಿದೆ. ನೀವು ಹಿಡಿದಿರುವುದು ರೀಮಿಕ್ಸ್. ಹಾಡು ಏನನ್ನು ಕೇಳುತ್ತಿದೆಯೋ ಆ ಭಾಗವೇ ಅದರಲ್ಲಿ ಬಹುಮಟ್ಟಿಗೆ ಬಿಟ್ಟುಹೋಗಿದೆ.

1991ರಲ್ಲಿ ಈ ಹಾಡು ಎರಡು ರೂಪದಲ್ಲಿ ಬಂತು. ಮೊದಲನೆಯದರಲ್ಲಿ ಇಂಗ್ಲಿಷ್ ಚರಣಗಳಿವೆ, ನಡುವೆ ಇಲ್ಲಿಯ ಮೂಲನಿವಾಸಿಗಳ ಗುಮಾಚ್ ಭಾಷೆಯ ಭಾಗವಿದೆ. ಅದು ಹೆಚ್ಚು ಜನರನ್ನು ಮುಟ್ಟಲಿಲ್ಲ. ಆಮೇಲೆ ಮೆಲ್ಬರ್ನ್‌ನ ಫಿಲ್ತಿ ಲೂಕರ್ ತಂಡದವರು ಇಂಗ್ಲಿಷ್ ಚರಣಗಳನ್ನು ಬಹುಪಾಲು ತೆಗೆದು, ಗುಮಾಚ್ ಹಾಡಿಕೆಯನ್ನೂ ಯಿಡಾಕಿ ಎಂಬ ಊದುವ ಮರದ ಕೊಳವೆಯ ನಾದವನ್ನೂ ಮುಂದಿಟ್ಟು, ಕುಣಿಯಲು ಒಗ್ಗುವ ಬೀಟ್ ಹಾಕಿದರು. ಅದು ಆಸ್ಟ್ರೇಲಿಯಾದ ಹಾಡುಗಳ ಪಟ್ಟಿಯಲ್ಲಿ 11ನೇ ಸ್ಥಾನ ತಲುಪಿತು. ಇಲ್ಲಿಯ ಮೂಲನಿವಾಸಿಗಳ ಭಾಷೆಯ ಹಾಡೊಂದು ಆ ಪಟ್ಟಿ ಹತ್ತಿದ್ದು ಅದೇ ಮೊದಲು. ಅದು ದೊಡ್ಡ ಗೆಲುವೇ, ಆದರೂ ಕುಣಿದವರ ಕಿವಿಗೆ ದೂರು ಬೀಳಲಿಲ್ಲ.

ದೂರು ಇದು. 1988ರ ಜೂನ್‌ನಲ್ಲಿ ಬರುಂಗ ಎಂಬ ಊರಿನಲ್ಲಿ ಮೂಲನಿವಾಸಿಗಳ ಮುಖಂಡರಾದ ಗಲರ್ವುಯ್ ಯುನುಪಿಂಗು ಮತ್ತು ವೆಂಟನ್ ರುಬುಂಚ ಅವರು ಪ್ರಧಾನಿ ಬಾಬ್ ಹಾಕ್ ಕೈಗೆ ಒಂದು ಹಕ್ಕೊತ್ತಾಯ ಪತ್ರ ಕೊಟ್ಟರು. ಮೂಲನಿವಾಸಿಗಳ ಜೊತೆ ಒಪ್ಪಂದ ಮಾಡಿಕೊಳ್ಳುವುದಾಗಿ ಹಾಕ್ ಮಾತು ಕೊಟ್ಟರು. ಮೂರು ವರ್ಷ ಕಳೆದರೂ ಒಪ್ಪಂದ ಬರಲಿಲ್ಲ. ಗಲರ್ವುಯ್ ಅವರ ತಮ್ಮ, ಯಿರ್ಕಾಲ ಎಂಬ ಊರಿನ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದ ಮಂಡವುಯ್, ತಂಡದವರ ಜೊತೆಗೆ ಗಾಯಕರಾದ ಪಾಲ್ ಕೆಲ್ಲಿ, ಪೀಟರ್ ಗ್ಯಾರೆಟ್ ಅವರನ್ನೂ ಕೂರಿಸಿಕೊಂಡು ಈ ಹಾಡು ಕಟ್ಟಿದರು. ಇಂಗ್ಲಿಷ್ ಚರಣಗಳ ಒಟ್ಟು ತಾತ್ಪರ್ಯ ಇಷ್ಟು: ಮಾತು ರೇಡಿಯೋದಲ್ಲಿ ಬಂತು, ಟೀವಿಯಲ್ಲಿ ಬಂತು, ಮಣ್ಣಿನ ಮುಂದೆ ಆ ಮಾತು ಬಲು ಅಗ್ಗ. ನೆಲವನ್ನು ನಾವು ಯಾರಿಗೂ ಬಿಟ್ಟುಕೊಟ್ಟಿಲ್ಲ, ಮಾರಿಯೂ ಇಲ್ಲ. ಬ್ರಿಟಿಷರು ಬಾವುಟ ನೆಟ್ಟಮಾತ್ರಕ್ಕೆ ನಮ್ಮ ಕಟ್ಟಳೆ ಬದಲಾಗಲಿಲ್ಲ. ಸಮಯ ಸಾಲದಿದ್ದರೆ ಬೇರೆ ಏನನ್ನಾದರೂ ಕತ್ತರಿಸಿ, ಈ ಚರಣಗಳನ್ನು ಮಾತ್ರ ಬಿಡಬೇಡಿ.

ಇನ್ನು ಗುಮಾಚ್ ಭಾಗ. ಇಲ್ಲಿ ಕನ್ನಡದ ನಾಲಿಗೆಗೆ ಇಂಗ್ಲಿಷ್ ನಾಲಿಗೆಗಿಂತ ಅನುಕೂಲ ಹೆಚ್ಚು. ನಮ್ಮ ವರ್ಣಮಾಲೆಯಲ್ಲಿ ಸುಮ್ಮನೆ ಕೂತಿರುವ ‘ಙ’ ಅಲ್ಲಿ ದಿನಬಳಕೆಯ ಅಕ್ಷರ, ಪದದ ಮೊದಲಲ್ಲೇ ಬರುತ್ತದೆ. ‘ಅಂಗಳ’ ಎನ್ನುವಾಗ ‘ಗ’ಕ್ಕೆ ಮೊದಲು ಬರುವ ಮೂಗಿನ ಸದ್ದನ್ನು ಹಿಡಿದುಕೊಂಡು, ಗಕಾರ ಬಿಟ್ಟು, ನೇರ ಸ್ವರಕ್ಕೆ ಹೋಗು. ನಿಮ್ಮ ಹುಡುಗರು ಅದನ್ನು ‘ನ’ ಮಾಡಿದ್ದಾರೆ. ಟ, ಡ, ಣ ಇವೆ. ಸ, ಶ, ಹ ಇಲ್ಲ. ಮಹಾಪ್ರಾಣವೂ ಇಲ್ಲ. ಇಂಗ್ಲಿಷ್ ಲಿಪಿಯಲ್ಲಿ ‘ಟಿಎಚ್’ ಎಂದು ಬರೆದದ್ದು ನಮ್ಮ ‘ತ’, ‘ಥ’ ಅಲ್ಲ. ಈ ಭಾಗ ‘ಜತ್ಪಂಗರಿ’ ಎಂಬ ಶೈಲಿಯದು, 1930ರ ದಶಕದಿಂದ ಯಿರ್ಕಾಲದ ಯುವಕರು ಮೋಜಿಗೆ ಹಾಡಿ ಕುಣಿಯುತ್ತಿದ್ದದ್ದು. ಅದರಲ್ಲಿ ನಮ್ಮ ‘ತಂದಾನ ತಾನ’ದ ಹಾಗೆ ಅರ್ಥಕ್ಕೆ ಸಿಗದ ಸೊಲ್ಲುಗಳು ತುಂಬ. ಪದಪದಕ್ಕೆ ಅರ್ಥ ಹುಡುಕುತ್ತಾ ಕೂರಬೇಡ.

ಶ್ರುತಿ ತಪ್ಪಿರುವುದು ಯಾಕೆಂದು ಕೇಳಿದ್ದೀಯಲ್ಲ? ಕಾರಣ ಯಿಡಾಕಿ. ಸ್ಟ್ರಿಂಗಿಬಾರ್ಕ್ ಎಂಬ ಒಂದು ಬಗೆಯ ನೀಲಗಿರಿ ಮರದ ತಿರುಳನ್ನು ಗೆದ್ದಲು ತಿಂದು ಟೊಳ್ಳು ಮಾಡಿರುತ್ತದೆ. ಕಾಂಡವನ್ನು ತಟ್ಟಿ, ಸದ್ದಿನಿಂದಲೇ ಟೊಳ್ಳು ಎಷ್ಟೆಂದು ಅಂದಾಜು ಮಾಡಿ ಕಡಿಯುತ್ತಾರೆ. ತೊಗಟೆ ಕೆತ್ತಿ, ಒಳಗಿನ ಮಣ್ಣು ತೆಗೆದು, ಬಾಯಿಯ ಕಡೆ ಅಗಲ ಹೆಚ್ಚಾದರೆ ಜೇನುಮೇಣ ಮೆತ್ತುತ್ತಾರೆ. ಕೊಳಲಿನಂತೆ ತೂತುಗಳಿಲ್ಲ, ಆದ್ದರಿಂದ ಒಂದು ಯಿಡಾಕಿಗೆ ಒಂದೇ ಆಧಾರಶ್ರುತಿ. ಉದ್ದ ಹೆಚ್ಚಿದಷ್ಟೂ ತಗ್ಗು. ಬೇರೆ ಶ್ರುತಿ ಬೇಕಾದರೆ ಬೇರೆ ಯಿಡಾಕಿಯನ್ನೇ ಎತ್ತಿಕೊಳ್ಳಬೇಕು. ನೀವು ಹಾಡುವವಳ ಅನುಕೂಲಕ್ಕೆ ಟ್ರ್ಯಾಕನ್ನು ಸಾಫ್ಟ್‌ವೇರ್‌ನಲ್ಲಿ ಏರಿಸಿದ್ದೀರಿ. ಅದಕ್ಕೇ ನಾದ ತೆಳುವಾಗಿ ಪ್ಲಾಸ್ಟಿಕ್ ಕೊಳವೆಯ ಹಾಗೆ ಕೇಳುತ್ತಿದೆ. ಟ್ರ್ಯಾಕ್ ಮುಟ್ಟದೆ, ಆ ಶ್ರುತಿಗೆ ಹೊಂದುವ ಕಂಠವನ್ನು ಆರಿಸಿ. ಇಲ್ಲವೇ ಯಿಡಾಕಿಯನ್ನು ಪೂರ್ತಿ ಬಿಟ್ಟು ನಿಮ್ಮ ಶ್ರುತಿಪೆಟ್ಟಿಗೆ ಇಟ್ಟುಕೊಳ್ಳಿ. ತಾಳಕ್ಕೆ ಅವರದು ಬಿಲ್ಮ, ಗಟ್ಟಿ ಮರದ ಎರಡು ಕೋಲು. ನಮ್ಮ ಕೋಲಾಟದ ಕೋಲು ಸಾಕು, ಆದರೆ ಗೆಜ್ಜೆ ಬಿಚ್ಚಿಡಿ. ಆ ಪೆಟ್ಟು ಒಣಗಿದ ಸದ್ದಿನದಾಗಿರಬೇಕು.

ಮೈಗೆ ಬಿಳಿ ಬಳಿದುಕೊಂಡು ಗೆರೆ ಎಳೆಯುವ ಯೋಚನೆಯನ್ನು ದಯವಿಟ್ಟು ಬಿಡಿ. ಎದೆಯ ಮೇಲಿನ ಆ ಗೆರೆಗಳು ಅಲಂಕಾರವಲ್ಲ. ಪ್ರತಿ ಕುಲಕ್ಕೂ ಅದರದೇ ವಿನ್ಯಾಸ ಇದೆ. ಯಾವ ನೆಲ, ಯಾವ ನೀರು ಯಾರದು ಎಂದು ಅದು ಹೇಳುತ್ತದೆ. ನಮ್ಮ ಪಹಣಿ ಇದ್ದ ಹಾಗೆ ಅಂದುಕೋ. 1963ರಲ್ಲಿ ಸರ್ಕಾರ ಯಿರ್ಕಾಲದ ನೆಲವನ್ನು ಬಾಕ್ಸೈಟ್ ಗಣಿಗೆ ಬಿಟ್ಟುಕೊಟ್ಟಾಗ, ಅಲ್ಲಿಯವರು ಎರಡು ಭಾಷೆಯಲ್ಲಿ ಟೈಪ್ ಮಾಡಿಸಿದ ಅರ್ಜಿಯನ್ನು ಮರದ ತೊಗಟೆಗೆ ಅಂಟಿಸಿ, ಸುತ್ತ ಇದೇ ವಿನ್ಯಾಸಗಳನ್ನು ಬರೆದು ಕ್ಯಾನ್‌ಬೆರಾದ ಸಂಸತ್ತಿಗೆ ಕಳಿಸಿದರು. ಅಕ್ಷರ ಓದುವವರಿಗೆ ಅಕ್ಷರ, ಅವರ ಕಟ್ಟಳೆಯಲ್ಲಿ ಹಕ್ಕುಪತ್ರ ಆ ಚಿತ್ರ. ಗಣಿ ನಿಲ್ಲಲಿಲ್ಲ. 1971ರಲ್ಲಿ ಕೋರ್ಟು, ಇವರಿಗೆ ತಮ್ಮದೇ ಕಾನೂನು ಇದೆ ಎಂದು ಒಪ್ಪಿಯೂ ಭೂಮಿಯ ಮೇಲೆ ಆಸ್ತಿಹಕ್ಕು ಇಲ್ಲ ಎಂದಿತು. ಆ ಜಾಗಕ್ಕೆ ಪರಿಹಾರ ಕೇಳಿ ಗಲರ್ವುಯ್ ಹೂಡಿದ ದಾವೆಯಲ್ಲಿ ಕೇಂದ್ರ ಸರ್ಕಾರದ ಮೇಲ್ಮನವಿಯನ್ನು ಹೈಕೋರ್ಟ್ (ಇಲ್ಲಿ ಅದೇ ಸರ್ವೋಚ್ಚ ನ್ಯಾಯಾಲಯ) ತಳ್ಳಿಹಾಕಿದ್ದು 2025ರ ಮಾರ್ಚ್‌ನಲ್ಲಿ. ಅವರು 2023ರಲ್ಲೇ ತೀರಿಕೊಂಡಿದ್ದರು.

ಕೊನೆಯದಾಗಿ ಪೋಸ್ಟರ್. ಮಂಡವುಯ್ 2013ರಲ್ಲಿ ತೀರಿಕೊಂಡರು. ಸತ್ತವರ ಹೆಸರು, ಚಿತ್ರಗಳನ್ನು ಸ್ವಲ್ಪ ಕಾಲ ಬಳಸದಿರುವುದು ಅವರ ಜನರ ಪದ್ಧತಿ. ಅದಕ್ಕೇ ಇಲ್ಲಿ ಅಂಥ ವೀಡಿಯೋ ತೋರಿಸುವ ಮೊದಲು ‘ತೀರಿಕೊಂಡವರ ಚಿತ್ರ, ದನಿ ಇದರಲ್ಲಿದೆ’ ಎಂದು ಒಂದು ಸಾಲು ಹಾಕುತ್ತಾರೆ. ಪೋಸ್ಟರ್‌ನಲ್ಲಿ ನೀವೂ ಹಾಕಿ. ನಿರೂಪಣೆ ಮಾಡುವವರಿಗೆ ‘ಯೋತು’ ಎಂದರೆ ಮಗು, ‘ಯಿಂಡಿ’ ಎಂದರೆ ತಾಯಿ ಎಂದು ಹೇಳಿಕೊಡು. ತಾಯಿಯ ಕುಲದ ನೆಲವನ್ನು ನೋಡಿಕೊಳ್ಳುವ ಹೊಣೆ ಮಗುವಿನದು ಎಂಬ ಸಂಬಂಧದ ಹೆಸರು ಅದು.

ಇಂಗ್ಲಿಷ್ ಚರಣ ಸೇರಿಸಿ ಇನ್ನೊಮ್ಮೆ ರೆಕಾರ್ಡ್ ಮಾಡಿ ಕಳಿಸು. ‘ಙ’ ಮೊದಲು ಕೇಳುತ್ತೇನೆ.

ಅಜ್ಜಿಗೆ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಮಾವ