ಮಗಳಿಗೊಂದು ಪತ್ರ: ಕೇಳುವವರನ್ನೂ ಲೆಕ್ಕಕ್ಕೆ ತಗೋ

ಪುಟ್ಟಿ,

ನಿನ್ನೆ ಫೋನಿನಲ್ಲಿ ಎಲ್ಲ ಹೇಳೋಕೆ ಆಗಲಿಲ್ಲ. ನೀನು ಹಾಸ್ಟೆಲ್ ಮೆಸ್ಸಿನ ಗಲಾಟೆಯಲ್ಲಿದ್ದೆ, ಇಲ್ಲಿ ನಿಮ್ಮಪ್ಪ ಟಿವಿ ಜೋರಾಗಿ ಇಟ್ಟುಕೊಂಡಿದ್ದರು. ಅದಕ್ಕೇ ಬರೆಯುತ್ತಿದ್ದೇನೆ. ಪಿಎಚ್‌ಡಿಗೆ ನೀನು ಯೋಚಿಸಿರುವ ವಿಷಯ ಚೆನ್ನಾಗಿದೆ. ಪಾರ್ಕಿನ್ಸನ್ ಕಾಯಿಲೆ ಇರುವವರ ಮಾತು ರೆಕಾರ್ಡ್ ಮಾಡಿ ಕಂಪ್ಯೂಟರಿಗೆ ಕೊಡುವುದು, ಮಾತು ಎಷ್ಟು ಕೆಟ್ಟಿದೆ ಅಂತ ಅದು ಅಂಕ ಹಾಕುವುದು. ಮಾಡು. ಬೇಡ ಅನ್ನುತ್ತಿಲ್ಲ. ಆದರೆ ಆ ಲೆಕ್ಕದಲ್ಲಿ ಆ ಮಾತನ್ನು ಕೇಳಿಸಿಕೊಳ್ಳುವವರು ಎಲ್ಲೂ ಕಾಣಲಿಲ್ಲ.

ಸಕಲೇಶಪುರದ ಕಡೆ ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು, ಆಗಿದ್ದವರು ನಮ್ಮ ಮನೆಗೆ ಬರುತ್ತಿದ್ದರಲ್ಲ, ನೆನಪಿದೆಯಾ? ಬಂದಾಗೆಲ್ಲ ಕಿತ್ತಳೆ ತರುತ್ತಿದ್ದವರು. ಬೆಳಿಗ್ಗೆ ಚೆಕ್‌ರೋಲ್ (ಹಾಜರಿ ಪುಸ್ತಕ) ಹಿಡಿದು ಆಳುಗಳ ಹೆಸರು ಕೂಗುವುದೇ ಅವರ ಕೆಲಸ. ಪಾರ್ಕಿನ್ಸನ್ ಶುರುವಾದ ಮೇಲೆ ಹಿಂದೆ ನಿಂತವರಿಗೆ ಕೂಗು ಮುಟ್ಟುತ್ತಲೇ ಇರಲಿಲ್ಲ. ಅವರ ಪ್ರಕಾರ ತಮ್ಮ ದನಿ ಸರಿಯಾಗೇ ಇತ್ತು, ಹೆಂಡತಿಯ ಕಿವಿ ಮಂದ ಆಗಿತ್ತು! ಪಾಪ ಆಕೆ ಕಿವಿ ಪರೀಕ್ಷೆ ಮಾಡಿಸಿಕೊಂಡು ಬಂದಿದ್ದರು. ಈ ಕಾಯಿಲೆಯಲ್ಲಿ ದನಿ ಇಳಿಯುವುದಷ್ಟೇ ಅಲ್ಲ, ತನ್ನ ದನಿ ಎಷ್ಟು ಜೋರಿದೆ ಅನ್ನುವ ಅಂದಾಜೂ ತಪ್ಪುತ್ತದೆ ಅಲ್ವಾ. ನಮಗೆ ಸಾಧಾರಣ ಅನ್ನಿಸುವಷ್ಟು ಮಾತಾಡಿಸಿದರೆ, ಅಯ್ಯೋ ನಾನು ಕಿರುಚುತ್ತಿದ್ದೇನೆ ಅನ್ನುತ್ತಾರೆ.

1980ರ ದಶಕದಲ್ಲಿ ಅಮೆರಿಕದ ಲೊರೇನ್ ರಾಮಿಗ್ ಕಟ್ಟಿದ ಚಿಕಿತ್ಸೆ ಇರುವುದೇ ಈ ಅಂದಾಜನ್ನು ತಿದ್ದಲು. ಪಾರ್ಕಿನ್ಸನ್ ಇದ್ದ ಲೀ ಸಿಲ್ವರ್‌ಮನ್ ಅನ್ನುವ ಹೆಂಗಸಿನ ಹೆಸರನ್ನು ಅದಕ್ಕೆ ಇಟ್ಟಿದ್ದಾರೆ. ವಾರಕ್ಕೆ 4 ದಿನ, ದಿನಕ್ಕೆ ಒಂದು ಗಂಟೆ, 4 ವಾರ. ಗುರಿ ಒಂದೇ: ಜೋರಾಗಿ. (ಗೊತ್ತಿರುವುದನ್ನೇ ಹೇಳುತ್ತಾಳೆ ಅಂತ ಬೈಯಬೇಡ, ಪಾಠ ಮಾಡಿದವಳ ಚಾಳಿ.) ಆ ದಾರಿ ಹಿಡಿದ ಮೇಲೆ ನನ್ನ ಥೆರಪಿ ರೂಮಿನಲ್ಲಿ ರೈಟರ್ ದನಿ ಸದ್ದು ಅಳೆಯುವ ಮೀಟರಿನಲ್ಲಿ ಚೆನ್ನಾಗೇ ಏರಿತು. ತೋಟದಲ್ಲಿ ಮಳೆ, ಕಾಫಿ ಹಣ್ಣು ಸುಲಿಯುವ ಪಲ್ಪರ್ ಸದ್ದು, ಅಷ್ಟು ದೂರ ನಿಂತ ಆಳುಗಳು. ಅಲ್ಲಿ ಅದೇ ದನಿ ಸಾಲಲಿಲ್ಲ. ನನ್ನ ಮೀಟರ್ ಅಳೆದಿದ್ದು ಬಾಯಿಂದ ಒಂದಡಿ ದೂರದ ಸಮಾಚಾರ.

ನಿನ್ನ ಕಂಪ್ಯೂಟರ್ ಅಳೆಯುವುದೂ ಹೆಚ್ಚುಕಮ್ಮಿ ಅದನ್ನೇ.

ನಮ್ಮ ವಿಷಯದ, ಅಂದರೆ ಮಾತಿನ ಚಿಕಿತ್ಸೆಯ, ಬುಡ ನೋಡು. 1969ರಲ್ಲಿ ಮೇಯೋ ಕ್ಲಿನಿಕ್ಕಿನ ಡಾರ್ಲಿ, ಆರನ್ಸನ್, ಬ್ರೌನ್ ಮೂವರೂ ಕೂತು 212 ರೋಗಿಗಳ ಟೇಪುಗಳನ್ನು ಕೇಳಿ, ಮಾತಿನ 38 ಗುಣಗಳಿಗೆ ಅಂಕ ಹಾಕಿದರು. ಯಂತ್ರ ಅಲ್ಲ, ಕಿವಿ. ಡಿಸಾರ್ಥ್ರಿಯಾ (ನರದ ತೊಂದರೆಯಿಂದ ಮಾತು ಕೆಡುವುದು) ಬಗೆಗಳನ್ನು ನಾವು ಇವತ್ತಿಗೂ ಹೇಳಿಕೊಡುವುದು ಅವರ ದಾರಿಯಲ್ಲೇ. ಆದರೆ ಅವು ಪಳಗಿದ ಕಿವಿಗಳು. ಅರಸೀಕೆರೆ ಬಸ್ಸಿನ ಕಂಡಕ್ಟರಿಗೆ ಅಂಥ ಕಿವಿ ಇಲ್ಲ. ಸೆರೆಬೆಲ್ಲಮ್ಮಿಗೆ (ಕಿರುಮೆದುಳಿಗೆ) ಪೆಟ್ಟಾದವರು ತೊದಲುತ್ತಾ, ಎಳೆಯುತ್ತಾ, ತೂರಾಡುತ್ತಾ ಟಿಕೆಟ್ ಕೇಳಿದರೆ ಕುಡಿದಿದ್ದಾರೆ ಅಂದುಕೊಳ್ಳುತ್ತಾರೆ. ಮನೆಯವರದೂ ಅದೇ ಕತೆ. ಲಕ್ವ ಹೊಡೆದು ಅಪ್ರಾಕ್ಸಿಯಾ (ಬಾಯಿಗೆ ಬಲ ಇದ್ದರೂ ಮಾತಿಗೆ ಬೇಕಾದಂತೆ ಅದನ್ನು ಆಡಿಸಲು ಆಗದಿರುವುದು) ಆದವರು ಎರಡರ ಮಗ್ಗಿಯನ್ನು ಗಡಗಡ ಹೇಳಿಬಿಡುತ್ತಾರೆ, ನೀರು ಬೇಕು ಅನ್ನೋಕೆ ಒದ್ದಾಡುತ್ತಾರೆ. ಬಾಯಿಪಾಠದ್ದು ತಾನಾಗೇ ಬರುತ್ತದೆ, ಬೇಕೆಂದು ಹೇಳಹೊರಟಿದ್ದು ಬರುವುದಿಲ್ಲ. ಸೊಸೆ ಇದನ್ನು ನಾಟಕ ಅಂದುಕೊಂಡಿರುತ್ತಾಳೆ. ಅವಳಿಗೆ ಯಾರೂ ಹೇಳಿಲ್ಲ, ಅವಳ ತಪ್ಪೇನು?

ಇನ್ನು ಭಾಷೆ. ಬಳೆ ಮತ್ತು ಬಾಳೆ, ಕತೆ ಮತ್ತು ಕತ್ತೆ, ನಮ್ಮಲ್ಲಿ ಅರ್ಥ ನಿಂತಿರುವುದೇ ಉದ್ದ ಗಿಡ್ಡದ ಮೇಲೆ. ಪ್ರತಿ ಸ್ವರವನ್ನೂ ಎಳೆಯುವವರ ಬಾಯಲ್ಲಿ ಆ ವ್ಯತ್ಯಾಸ ಮೊದಲು ಹೋಗುತ್ತದೋ, ಅಥವಾ ಎಲ್ಲವನ್ನೂ ಒಂದೇ ಸಮ ಎಳೆದರೂ ಕೇಳುವವರು ಹೇಗೋ ಹಿಡಿದುಬಿಡುತ್ತಾರೋ? ಇಂಗ್ಲಿಷಿನವರು ಈ ಪ್ರಶ್ನೆಯನ್ನು ನಮ್ಮಂತೆ ಕೇಳಬೇಕಾಗಿಲ್ಲ, ಎರಡು ತ ಹೇಳಿದರೋ ಒಂದೋ ಅನ್ನುವುದರಿಂದ ಅವರಲ್ಲಿ ಕತೆ ಕತ್ತೆ ಆಗುವುದಿಲ್ಲ. ಟೊರಾಂಟೊದ ಟಾರ್ಗೊ ಅನ್ನುವ, ಮಾತು ಕೆಟ್ಟವರ ಇಂಗ್ಲಿಷ್ ರೆಕಾರ್ಡಿಂಗುಗಳಿಂದ ಕಲಿತ ಪ್ರೋಗ್ರಾಮನ್ನು ತಂದು ಹೊಳೆನರಸೀಪುರದ ರೈತರ ಮುಂದೆ ಇಟ್ಟರೆ ಅದು ಏನು ಅಳೆಯುತ್ತದೆ ಹೇಳು? ಅದೂ ಸಾಲದು ಅಂತ ನಮ್ಮ ಹಳ್ಳಿಗಳಲ್ಲಿ ಹ ಬಿದ್ದುಹೋಗುತ್ತದೆ. ಹಾಸನ ಆಸನ, ಹಾಲು ಆಲು. ಅದು ಇಲ್ಲಿನ ಮಾತು, ಕಾಯಿಲೆ ಅಲ್ಲ. ಎಲ್ಲಿಂದಲೋ ಬಂದ ಥೆರಪಿಸ್ಟ್ ಹುಡುಗಿ ಅದಕ್ಕೆ ತಪ್ಪು ಗುರುತು ಹಾಕಿ, ಉಚ್ಚಾರದ ದೋಷ ಅಂತ ಫೈಲಿನಲ್ಲಿ ಬರೆದಿದ್ದನ್ನು ಕಣ್ಣಾರೆ ನೋಡಿದ್ದೇನೆ. ಲಕ್ವ ಹೊಡೆಯುವ ಮುಂಚೆ ಇವರು ಹೇಗೆ ಮಾತಾಡುತ್ತಿದ್ದರು ಅಂತ ಮನೆಯವರನ್ನು ಕೇಳಿದ್ದರೆ ಮುಗಿಯುತ್ತಿತ್ತು.

ಆದ್ದರಿಂದ ನನ್ನ ಸಲಹೆ ಇಷ್ಟು. ರೆಕಾರ್ಡಿಂಗ್ ಇರಲಿ, ಕಂಪ್ಯೂಟರ್ ಹಾಕುವ ಅಂಕವೂ ಇರಲಿ. ಅದೇ ರೆಕಾರ್ಡಿಂಗನ್ನು ಮನೆಯವರಿಗೆ ಕೇಳಿಸು, ಗುರುತೇ ಇಲ್ಲದವರಿಗೂ ಕೇಳಿಸು, ಇಬ್ಬರೂ ಕೇಳಿಸಿದ್ದನ್ನು ಬರೆಯಲಿ. ಓದು ಬರಹ ಬಾರದವರಾದರೆ ತಿರುಗಿ ಹೇಳಲಿ, ನೀನು ಬರೆದುಕೋ. ಒಮ್ಮೆ ಸದ್ದಿಲ್ಲದ ಕಡೆ, ಒಮ್ಮೆ ಮಿಕ್ಸಿ ಓಡುತ್ತಿರುವಾಗ. ಕಂಪ್ಯೂಟರ್ ಪರವಾಗಿಲ್ಲ ಅಂದ ಮಾತು ಹೆಂಡತಿಗೇ ಅರ್ಥವಾಗದಿದ್ದರೆ, ಅಥವಾ ಕಂಪ್ಯೂಟರ್ ಕೈಬಿಟ್ಟ ಮಾತನ್ನು ಮೊಮ್ಮಗು ಸಲೀಸಾಗಿ ಅರ್ಥ ಮಾಡಿಕೊಂಡರೆ, ನಿನ್ನ ಥೀಸಿಸ್ ಇರುವುದು ಆ ಜಾಗದಲ್ಲಿ. ಹೆಂಡತಿಗೆ ಏನು ಕಲಿಸಿದರೆ ಅರ್ಥವಾಗುವುದು ಜಾಸ್ತಿ ಆಗುತ್ತದೆ ಅನ್ನುವುದು ಮುಂದಿನ ಹೆಜ್ಜೆ. ಎದುರಿಗೆ ಕೂತು ಮುಖ ನೋಡುವುದು, ಯಾವ ವಿಷಯ ಅಂತ ಮೊದಲೇ ಕೇಳಿಕೊಳ್ಳುವುದು, ಅರ್ಥವಾಗದೆ ಹೂಂಗುಡದೇ ಇರುವುದು. ಇದಕ್ಕೆ ದುಡ್ಡು ಬೇಕಿಲ್ಲ, 120 ಕಿಲೋಮೀಟರ್ ದೂರದ ಮೈಸೂರಿಗೆ ಚಿಕಿತ್ಸೆಗೆ ಅಂತ ವಾರಕ್ಕೆ ನಾಲ್ಕು ದಿನ ಓಡಾಡಲು ಆಗದವರಿಗೂ ಇದು ಸಿಗುತ್ತದೆ.

ಪೇಪರ್ ಕಳಿಸಿದಾಗ, ಬರೀ ಕನ್ನಡ ಯಾಕೆ, ಬೇರೆ ಭಾಷೆಗೆ ಇದು ಹೊಂದುತ್ತದಾ ಅಂತ ರಿವ್ಯೂವರ್ ಕೇಳಿಯೇ ಕೇಳುತ್ತಾರೆ. ಬರೀ ಇಂಗ್ಲಿಷ್ ಯಾಕೆ ಅಂತ ಅವರನ್ನು ಯಾರೂ ಕೇಳುವುದಿಲ್ಲ, ಅದು ಬೇರೆ ಮಾತು. ಸಿಟ್ಟು ಮಾಡಿಕೊಳ್ಳದೆ ಉತ್ತರ ಬರೆ. ಪೇಪರ್ ಲೆಕ್ಕ ಕೆಲಸಕ್ಕೆ ಬೇಕೇ ಬೇಕು, ಗೊತ್ತು. ಆದರೆ ವಾರದಲ್ಲಿ ಒಂದು ದಿನ ಓಪಿಡಿ ಬಿಡಬೇಡ. ಅದನ್ನು ಬಿಟ್ಟ ನನ್ನ ಸಹೋದ್ಯೋಗಿಗಳು ಹತ್ತು ವರ್ಷ ಹಳೇ ಪ್ರಶ್ನೆಗಳನ್ನೇ ಹೊಸ ಸಾಫ್ಟ್‌ವೇರಿಗೆ ಹಾಕುತ್ತಿದ್ದರು. ಮತ್ತೆ, ದಯವಿಟ್ಟು ಯಾರ ಕೈಲೂ ಮೇಣದಬತ್ತಿ ಊದಿಸಬೇಡ! ಮಾತು ಸರಿಯಾಗಬೇಕು ಅಂದರೆ ಮಾತಾಡಿಸಬೇಕು, ಊದಿಸಿದರೆ ಊದುವುದು ಚೆನ್ನಾಗಿ ಬರುತ್ತದೆ ಅಷ್ಟೇ.

ಗೈಡ್ ಹತ್ತಿರ ಮಾತಾಡು. ಅವರು ಒಪ್ಪಿದರೆ ಹಾಸನ, ಬೇಲೂರು ಕಡೆಯ ಮನೆಗಳನ್ನು ನಾನು ಕೇಳಿ ನೋಡುತ್ತೇನೆ. ಆದರೆ ಎಥಿಕ್ಸ್ ಕಮಿಟಿ ಒಪ್ಪಿಗೆ ಬರುವ ತನಕ ಯಾರ ದನಿಯನ್ನೂ ಮೊಬೈಲಿನಲ್ಲಿ ಹಿಡಿಯಬೇಡ, ಸುಮ್ನೆ ಟ್ರಯಲ್‌ಗೆ ಅಂತಲೂ ಬೇಡ. ಒಪ್ಪಿಗೆ ಪತ್ರದಲ್ಲಿ ಕೇಳುಗರ ಸಹಿಗೂ ಜಾಗ ಬಿಡು. ಕರಡು ಕನ್ನಡದಲ್ಲೇ ಬರೆದು ಕಳಿಸು, ಇಂಗ್ಲಿಷಿನಿಂದ ಇಳಿಸಿದ್ದು ಬೇಡ, ರೈಟರ್ ಹೆಂಡತಿಗೆ ಓದಿ ಹೇಳಿ ಎಲ್ಲಿ ಅರ್ಥವಾಗಲಿಲ್ಲ ಅಂತ ಗುರುತು ಹಾಕಿಸುತ್ತೇನೆ.

ಅಮ್ಮ
ಹಾಸನ