ಮಗಳಿಗೊಂದು ಪತ್ರ: ಹಳೇ ಬೆಲ್ಟಿನಿಂದ ಹೊಸ ಟೂಲ್

ದಾವಣಗೆರೆ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಫೋಟೊಗಳನ್ನೆಲ್ಲ ದೊಡ್ಡದು ಮಾಡಿ ನೋಡಿದೆ. ಫೋನಿನಲ್ಲಿ ಹೇಳೋಣ ಅಂದರೆ ಅಲ್ಲಿ ಗ್ಯಾರೇಜಿನ ಸದ್ದು, ಇಲ್ಲಿ ಲೇತಿನ ಸದ್ದು. ಅದಕ್ಕೇ ಬರೆಯುತ್ತಿದ್ದೇನೆ. ಈ ಕಾಗದ ನಿನ್ನ ಟೂಲ್ ಬಾಕ್ಸಿನಲ್ಲೇ ಇರಲಿ. ಕೆಲಸಕ್ಕೆ ಕೂತಾಗ ಬೇಕಾಗುತ್ತದೆ.

ಡುಕಾಟಿ ಮಾನ್‌ಸ್ಟರ್ 821 ಬೈಕಿನ ಟೈಮಿಂಗ್ ಬೆಲ್ಟ್ ಬದಲಿಸುವಾಗ ಇನ್ನೊಬ್ಬರು ಪುಲ್ಲಿ, ಅಂದರೆ ಬೆಲ್ಟ್ ಸುತ್ತುವ ಹಲ್ಲಿನ ಚಕ್ರ, ಹಿಡಿದುಕೊಳ್ಳಲೇಬೇಕು, ಹುಡುಗರು ಬಿಡುವಾಗುವ ತನಕ ಕಾಯಬೇಕು ಅಂದೆಯಲ್ಲ, ಆ ಮಾತು ನನಗೆ ಸರಿಬರಲಿಲ್ಲ. ಕೆಲಸ ಗೊತ್ತಿರುವವಳು ಇನ್ನೊಬ್ಬರ ಕೈಗಾಗಿ ಯಾಕೆ ಕಾಯಬೇಕು? ಕೈ ಕಮ್ಮಿ ಬಿದ್ದ ಕಡೆ ಟೂಲ್ ಮಾಡಿಕೊಳ್ಳಬೇಕು. ನಮ್ಮ ಅಂಗಡಿಯಲ್ಲಿ ಮೊದಲಿನಿಂದಲೂ ನಡೆದುಬಂದಿರುವುದು ಹಾಗೆಯೇ.

ಗೋಡೆಗೆ ನೇತುಹಾಕಿರುವ ಆರ್‌ಎಕ್ಸ್ 100ರ ಕ್ಲಚ್ ಹೋಲ್ಡರ್, ಕ್ಲಚ್ ಹಬ್ಬು ತಿರುಗದಂತೆ ಹಿಡಿಯುವ ಟೂಲು, ನೆನಪಿದೆಯಾ? ಸವೆದ ಒಂದು ಸ್ಟೀಲ್ ಕ್ಲಚ್ ಪ್ಲೇಟಿಗೆ ಉದ್ದದ ಕಬ್ಬಿಣದ ಪಟ್ಟಿ ವೆಲ್ಡ್ ಮಾಡಿದ್ದು, ಅಷ್ಟೇ. ಆ ಪ್ಲೇಟಿನ ಹಲ್ಲು ಹಬ್ಬಿನ ಹಲ್ಲಿಗೆ ಸರಿಯಾಗಿ ಹೊಂದುವಂತೆ ಕಂಪನಿಯಲ್ಲೇ ಮಾಡಿದ್ದು. ನಾವು ಹೊಸದಾಗಿ ಅಳತೆ ತೆಗೆಯಬೇಕಾಗಿಲ್ಲ, ಹಲ್ಲು ಕಡಿಯಬೇಕಾಗಿಲ್ಲ. ನಿನ್ನಜ್ಜ ಕಾಟನ್ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದಾಗಲೂ ಸವೆದ ಸಾಮಾನನ್ನು ಗುಜರಿಗೆ ಹಾಕುವ ಮುಂಚೆ ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಿದ್ದರು. ಇದು ಇನ್ನೇನನ್ನು ಹಿಡಿಯುತ್ತದೆ ಅಂತ. ಓಡಿಸುವುದಕ್ಕೆ ಆಗದಿದ್ದರೂ ಹಿಡಿದುಕೊಳ್ಳುವುದಕ್ಕೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ನಿನ್ನ ಪುಲ್ಲಿಗಳಿಗೂ ಅದೇ ದಾರಿ. ನೀನು ಬಿಚ್ಚಿ ಎಸೆಯುವ ಹಳೇ ಬೆಲ್ಟೇ ನಿನ್ನ ಟೂಲು.

ಮೊದಲು ಪುಲ್ಲಿ ಯಾಕೆ ತಿರುಗುತ್ತದೆ ಅನ್ನುವುದು ತಲೆಯಲ್ಲಿ ಸ್ಪಷ್ಟ ಇರಲಿ. ನಮ್ಮ ಸ್ಪ್ಲೆಂಡರ್‌ನಲ್ಲಿ ಕ್ಯಾಮನ್ನು, ಅಂದರೆ ಎಂಜಿನ್ನಿನ ವಾಲ್ವ್ ತೆರೆಯುವ ಶಾಫ್ಟನ್ನು, ತಿರುಗಿಸುವುದು ಚೈನು. ಆಕ್ಟಿವಾದಲ್ಲಿ ಬೆಲ್ಟ್ ಇದೆ, ಆದರೆ ಅದು ಚಕ್ರ ಓಡಿಸುವ ವಿ ಬೆಲ್ಟು, ಹಲ್ಲು ಹಿಡಿದು ಲೆಕ್ಕ ಇಡುವ ಕೆಲಸ ಅದಕ್ಕಿಲ್ಲ. ಡುಕಾಟಿಯ ಬೆಲ್ಟು ಕ್ಯಾಮನ್ನೂ ಪಿಸ್ಟನ್ ತಿರುಗಿಸುವ ಕ್ರ್ಯಾಂಕನ್ನೂ ಹಲ್ಲಿಗೆ ಹಲ್ಲು ಜೋಡಿಸಿ ಇಡುತ್ತದೆ. ಮೊದಲು ಡುಕಾಟಿಯವರು ಕ್ಯಾಮ್ ತಿರುಗಿಸಲು ಉದ್ದದ ಶಾಫ್ಟು, ಬೆವೆಲ್ ಗೇರು ಬಳಸುತ್ತಿದ್ದರು. ಫಾಬಿಯೊ ತಾಲಿಯೋನಿ ಅನ್ನುವ ಎಂಜಿನಿಯರ್ 1970ರ ದಶಕದ ಕೊನೆಗೆ ಪಾಂಟಾ ಅನ್ನುವ ಬೈಕಿಗೆ ರಬ್ಬರ್ ಬೆಲ್ಟ್ ತಂದರು. ಸದ್ದು ಕಮ್ಮಿ, ಖರ್ಚು ಕಮ್ಮಿ, ಎಣ್ಣೆಯ ಗೊಡವೆ ಇಲ್ಲ. ಅದಕ್ಕೂ ಮೊದಲು 1975ರ ಹೋಂಡಾ ಗೋಲ್ಡ್ ವಿಂಗ್‌ನಲ್ಲೂ ಬೆಲ್ಟ್ ಇತ್ತು.

ಅದೇ ತಾಲಿಯೋನಿ 1956ರಲ್ಲೇ ಡುಕಾಟಿಯ ರೇಸ್ ಬೈಕಿಗೆ ಡೆಸ್ಮೊ ಅನ್ನುವ ಏರ್ಪಾಡು ತಂದಿದ್ದರು. ವಾಲ್ವ್ ತೆರೆಯುವುದೂ ಕ್ಯಾಮೇ, ಮುಚ್ಚುವುದೂ ಕ್ಯಾಮೇ. ಬೇರೆ ಎಂಜಿನ್ನಿನಲ್ಲಿರುವಂಥ ದಪ್ಪ ಸ್ಪ್ರಿಂಗ್ ಇದರಲ್ಲಿಲ್ಲ. ವಾಲ್ವ್ ಮುಚ್ಚುವ ರಾಕರ್ ಅನ್ನುವ ಸನ್ನೆಗೆ ಸಣ್ಣ ಸ್ಪ್ರಿಂಗ್ ಇದೆ, ಅಷ್ಟೇ. ಆ ಸಣ್ಣ ಸ್ಪ್ರಿಂಗೇ ಸಾಕು ನಿನ್ನ ಕೆಲಸ ಕೆಡಿಸಲು. 821ರ ಒಂದೊಂದು ಸಿಲಿಂಡರಿನ ತಲೆ, ಅಂದರೆ ಹೆಡ್ಡಿನಲ್ಲೂ ಎರಡು ಕ್ಯಾಮ್ ಪುಲ್ಲಿ, ಅವೆರಡನ್ನೂ ಸುತ್ತಿಕೊಂಡು ಒಂದು ಬೆಲ್ಟ್. ಮುಂದಿನ ಸಿಲಿಂಡರ್ ಕಂಪ್ರೆಷನ್‌ನಲ್ಲಿ ಮೇಲ್ತುದಿಗೆ ಬಂದು ಪುಲ್ಲಿಯ ಮೇಲಿನ ಗುರುತೂ ಎಂಜಿನ್ ಮೇಲಿನ ಗುರುತೂ ಎಲ್ಲ ಕೂಡಿದಾಗ, ಹಿಂದಿನ ಸಿಲಿಂಡರಿನ ಕ್ಯಾಮ್ ಒತ್ತಡದಲ್ಲಿರುತ್ತದೆ. ಬೆಲ್ಟ್ ಬಿಟ್ಟ ತಕ್ಷಣ ಪುಲ್ಲಿ ಟಕ್ ಅಂತ ತಿರುಗಿಬಿಡುತ್ತದೆ. ಹೊಸ ಬೆಲ್ಟ್ ಹಾಕುವಾಗ ಒಂದು ಕೈಯಲ್ಲಿ ಪುಲ್ಲಿ ಎಳೆದು ಹಿಡಿಯಬೇಕು, ಇನ್ನೊಂದರಲ್ಲಿ ಬೆಲ್ಟ್ ಕೂರಿಸಬೇಕು, ಬೆಲ್ಟನ್ನು ಬಿಗಿ ಮಾಡುವ ಟೆನ್ಷನರ್ ನೋಡಿಕೊಳ್ಳಲು ಮೂರನೇ ಕೈ ಬೇಕು. ಹುಡುಗರನ್ನು ಕಾಯುವುದು ಅದಕ್ಕೇ ತಾನೇ?

ಈಗ ಟೂಲಿನ ವಿಷಯ. ಎರಡು ಪುಲ್ಲಿಗಳ ನಡುವೆ ಒಂದು ಸಂದು ಇದೆಯಲ್ಲ, ಅಲ್ಲಿಗೆ ಮುಂದುಗಡೆಯಿಂದ ತೂರಿಸುವ ಒಂದು ಬ್ಲಾಕ್ ಮಾಡುತ್ತೇನೆ. ಅದರ ಎರಡೂ ಮಗ್ಗುಲಿಗೆ ಹಳೇ ಬೆಲ್ಟಿನ ತುಂಡು ಅಂಟಿರುತ್ತದೆ, ಹಲ್ಲು ಹೊರಕ್ಕೆ. ಆ ಹಲ್ಲುಗಳು ಪುಲ್ಲಿಯ ಹಲ್ಲಿಗೆ ಕೂತರೆ ಎರಡೂ ಪುಲ್ಲಿ ನಿಂತಲ್ಲೇ ನಿಲ್ಲುತ್ತವೆ. ಬೆಲ್ಟು ಹೊರಗಡೆಯಿಂದ ಸುತ್ತುವುದರಿಂದ ಒಳಗಿರುವ ಬ್ಲಾಕ್ ಅದಕ್ಕೆ ಅಡ್ಡ ಬರುವುದಿಲ್ಲ.

ಸುಮ್ನೆ ಚೌಕದ ತುಂಡು ಸಾಲದು. ಎರಡು ಪುಲ್ಲಿ ಎದುರುಬದುರು ದಿಕ್ಕಿಗೆ ತಿರುಗಲು ಹೊರಟರೆ ನಡುವೆ ಇರುವ ತುಂಡನ್ನು ಹಿಂಡಿ ಮೇಲಕ್ಕೋ ಕೆಳಕ್ಕೋ ತಳ್ಳಿಬಿಡುತ್ತವೆ. ಆದ್ದರಿಂದ ಎರಡೂ ಮಗ್ಗುಲು ಪುಲ್ಲಿಯ ದುಂಡಿಗೆ ಸರಿಯಾಗಿ ಒಳಕ್ಕೆ ಬಾಗಿರಬೇಕು. ಡಮರುವಿನ ಹಾಗೆ, ನಡು ಸಣ್ಣ, ಎರಡು ತುದಿ ಅಗಲ. ಆಗ ಮೇಲೆ ಹೋಗೋಣ ಅಂದರೆ ಕೆಳಗಿನ ಅಗಲ ತುದಿ ಸಿಕ್ಕಿಕೊಳ್ಳುತ್ತದೆ, ಕೆಳಗೆ ಹೋಗೋಣ ಅಂದರೆ ಮೇಲಿನದು. ಯಾವ ಕ್ಲ್ಯಾಂಪೂ ಬೇಡ, ಬೋಲ್ಟೂ ಬೇಡ.

ಇದನ್ನು ಮಾಡುವುದು ನಮ್ಮ ಲೇತಿಗೆ ಕಷ್ಟವೇ ಅಲ್ಲ. ಪಕ್ಕದ ಹರಿಹರದಲ್ಲೇ ತಯಾರಾದ ಮೈಸೂರು ಕಿರ್ಲೋಸ್ಕರ್ ಅದು. ಆ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಯಿತು. ಲೇತು ಮಾತ್ರ ಇವತ್ತಿಗೂ ಹೇಳಿದ ಅಳತೆಗೆ ಕಡಿಯುತ್ತದೆ. ಒಂದು ಅಲ್ಯೂಮಿನಿಯಂ ಪ್ಲೇಟಿನ ಮೇಲೆ ಎರಡು ಕ್ಯಾಮ್ ಸೆಂಟರಿನ ದೂರಕ್ಕೆ ಎರಡು ಪಂಚ್ ಗುರುತು ಹಾಕುತ್ತೇನೆ. ಲೇತಿನ ಮೇಲೆ ಸಾಮಾನು ಹಿಡಿಯುವ ನಾಲ್ಕು ಜಾ ಇರುವ ಚಕ್ಕಿನಲ್ಲಿ ಮೊದಲನೇ ಗುರುತನ್ನು ಸೆಂಟರಿಗೆ ತಂದು ಒಂದು ದುಂಡು ಬೋರ್ ಮಾಡುವುದು. ಪ್ಲೇಟ್ ಸರಿಸಿ ಎರಡನೇ ಗುರುತಿಗೆ ಇನ್ನೊಂದು. ಎರಡು ಬೋರ್‌ಗಳ ನಡುವೆ ಉಳಿಯುವ ತುಂಡೇ ನಮ್ಮ ಬ್ಲಾಕ್. ಬೋರಿನ ಅಳತೆ ಎಷ್ಟು ಗೊತ್ತಾ? ಪುಲ್ಲಿಯ ಹಲ್ಲಿನ ಮೇಲಿನ ಅಳತೆಗೆ, ಬೆಲ್ಟಿನ ಬೆನ್ನಿನ ದಪ್ಪದ ಎರಡರಷ್ಟು ಕೂಡಿಸಬೇಕು. ಬೆನ್ನು ಅಂದರೆ ಹಲ್ಲು ಬಿಟ್ಟು ಉಳಿದ ಪಟ್ಟಿ. ಬ್ಲಾಕಿನ ದಪ್ಪ ಪುಲ್ಲಿಯ ಅಗಲಕ್ಕಿಂತ ಸ್ವಲ್ಪ ಕಮ್ಮಿ. ಬೆಲ್ಟ್ ಹಾದುಹೋಗುವ ಕಡೆ ತುದಿಯನ್ನು ಕತ್ತರಿಸಿ ಅರದಲ್ಲಿ ಉಜ್ಜಿ ನುಣುಪು ಮಾಡುತ್ತೇನೆ. ಎಳೆದು ತೆಗೆಯಲು ಮುಂದೊಂದು ಹಿಡಿ.

ನೈಲಾನಿನಲ್ಲೂ ಮಾಡಬಹುದಿತ್ತು. ಆದರೆ ನಡುವೆ ತುಂಬ ತೆಳುವಾಗುತ್ತದೆ, ಬಾಗಬಹುದು. ಕಬ್ಬಿಣ ಬೇಡವೇ ಬೇಡ. ಕೈ ತಪ್ಪಿ ತಾಗಿದರೆ ಪುಲ್ಲಿಗೆ ಗೀರು ಬೀಳುತ್ತದೆ, ಆ ಗೀರು ಹೊಸ ಬೆಲ್ಟನ್ನು ದಿನಾ ತಿನ್ನುತ್ತದೆ. ಪುಲ್ಲಿಯನ್ನು ಮುಟ್ಟುವುದು ರಬ್ಬರ್ ಒಂದೇ ಇರಲಿ. ಸಂದಿಗೆ ಸ್ಕ್ರೂ ಡ್ರೈವರ್ ತುರುಕಿ ನಿಲ್ಲಿಸುವವರನ್ನು ನೋಡಿದ್ದೇನೆ. ನೀನು ಹಾಗೆ ಯಾವತ್ತೂ ಮಾಡಬೇಡ.

ಬೆಲ್ಟ್ ಅಂಟಿಸುವ ಕೆಲಸ ನಿನ್ನದು, ಅದು ಬೈಕಿನ ಮೇಲೇ ಆಗಬೇಕು. ಗುರುತುಗಳೆಲ್ಲ ಕೂಡಿದಾಗ ಪುಲ್ಲಿಯ ಹಲ್ಲು ಸಂದಿನ ಕಡೆ ಎಲ್ಲಿ ನಿಂತಿರುತ್ತದೋ, ಪಟ್ಟಿಯ ಹಲ್ಲೂ ಅಲ್ಲೇ ಬರಬೇಕಲ್ವಾ. ಅದನ್ನು ಇಲ್ಲಿ ಕೂತು ಲೆಕ್ಕ ಹಾಕುವುದಕ್ಕಿಂತ ಅಲ್ಲಿ ಹೊಂದಿಸುವುದೇ ಸುಲಭ. ಇದಕ್ಕೆ ಹಿಂದಿನ ಸಲ ಬಿಚ್ಚಿಟ್ಟ ಬೆಲ್ಟ್ ಕತ್ತರಿಸಿಕೋ. ಬೈಕಿನ ಮೇಲಿನ ಬೆಲ್ಟ್ ಬಿಚ್ಚಬೇಡ, ಪುಲ್ಲಿಗಳು ಅದರ ಹಿಡಿತದಲ್ಲಿ ಅಲುಗದೆ ನಿಂತಿರಲಿ. ತುಂಡಿನ ಬೆನ್ನನ್ನು ಎಮರಿ ಕಾಗದದಲ್ಲಿ ಉಜ್ಜು. ಬ್ಲಾಕಿನ ಬಾಗಿದ ಮುಖವನ್ನೂ ಉಜ್ಜು. ಚಪ್ಪಲಿ ಹೊಲಿಯುವವರು ಬಳಸುವ ಸಲ್ಯೂಷನ್ ಎರಡಕ್ಕೂ ತೆಳ್ಳಗೆ ಹಚ್ಚಿ, ಅಂಟಂಟು ಆಗುವ ತನಕ ಬಿಡು. ತುಂಡುಗಳನ್ನು ಪುಲ್ಲಿಯ ಹಲ್ಲಿಗೆ ಕೂರಿಸಿ, ನಡುವೆ ಬ್ಲಾಕನ್ನು ನೇರವಾಗಿ ತೂರಿಸು. ರಾತ್ರಿಯೆಲ್ಲ ಹಾಗೇ ಇರಲಿ. ಬೆಳಗ್ಗೆ ತೆಗೆದ ಮೇಲೆ ಹಲ್ಲಿನ ನಡುವಿನ ತಗ್ಗಿನಲ್ಲಿ ಸಣ್ಣ ಸ್ಕ್ರೂ ಹಾಕು, ತಲೆ ಒಳಕ್ಕೆ ಮುಳುಗಿರಬೇಕು. ಮುಂದಿನ ಹೆಡ್ಡಿಗೆ ಒಂದು, ಹಿಂದಿನದಕ್ಕೆ ಒಂದು, ಬೇರೆ ಬೇರೆ ಬ್ಲಾಕ್. ಮು, ಹಿ ಅಂತ ಅಕ್ಷರ ಕೊರೆದು ಕಳಿಸುತ್ತೇನೆ.

ಒಂದು ವಿಷಯ ಚೆನ್ನಾಗಿ ತಿಳಿದುಕೋ. ಪುಲ್ಲಿ ಒಂದು ಹಲ್ಲು ಆಚೀಚೆ ಆಗಿದ್ದರೂ ಬ್ಲಾಕ್ ಹಾಗೇ ಕೂತುಬಿಡುತ್ತದೆ. ಹಲ್ಲಿಗೆ ಹಲ್ಲು ಸಿಕ್ಕರೆ ಅದಕ್ಕೆ ಸಾಕು. ಗುರುತು ಕೂಡಿದೆಯಾ ಅಂತ ನೋಡುವುದು ನಿನ್ನ ಕಣ್ಣೇ. ಟಾರ್ಚ್ ಹಿಡಿದು ನೇರ ಎದುರಿಗೆ ಕೂತು ನೋಡು. ಓರೆಯಿಂದ ನೋಡಿದರೆ ಗುರುತು ಅರ್ಧ ಹಲ್ಲು ಸರಿದ ಹಾಗೆ ಕಾಣುತ್ತದೆ. ಒಂದು ಹಲ್ಲು ತಪ್ಪಿದರೆ ಎಂಜಿನ್ ಒರಟಾಗಿ ಓಡುತ್ತದೆ. ಜಾಸ್ತಿ ತಪ್ಪಿದರೆ ವಾಲ್ವು ಪಿಸ್ಟನ್ನಿಗೇ ಬಡಿಯುತ್ತದೆ.

ಕೆಲಸ ಶುರು ಮಾಡುವ ಮುಂಚೆ ಬ್ಯಾಟರಿಯ ನೆಗೆಟಿವ್ ಬಿಚ್ಚಿಬಿಡು. ಬ್ಲಾಕ್ ಒಳಗಿದ್ದಾಗ ಯಾರಾದರೂ ತಿಳಿಯದೆ ಸ್ಟಾರ್ಟರ್ ಒತ್ತಿದರೆ ಕಥೆ ಮುಗಿಯಿತು. ಅದಕ್ಕೇ ಎರಡೂ ಹಿಡಿಗಳಿಗೆ ಕೆಂಪು ರಿಬ್ಬನ್ ಕಟ್ಟುತ್ತೇನೆ, ದೂರದಿಂದಲೇ ಕಾಣುವಷ್ಟು ಉದ್ದ. ಬೈಕಿನ ಕೀಯನ್ನು ಅದೇ ರಿಬ್ಬನ್ನಿಗೆ ಸಿಕ್ಕಿಸಿಡು. ಬ್ಲಾಕ್ ಹೊರಗೆ ಬಂದ ಮೇಲೇ ಕೀ ಕೈಗೆ ಸಿಗಬೇಕು.

ಹೊಸ ಬೆಲ್ಟನ್ನು ಮಡಚಬೇಡ, ತಿರುಚಬೇಡ, ಒಳಮೈ ಹೊರಗಾಗುವಂತೆ ಮಗುಚಬೇಡ. ರಬ್ಬರಿನ ಒಳಗೆ ಉದ್ದಕ್ಕೂ ಗಟ್ಟಿ ನಾರಿನ ಎಳೆಗಳಿವೆ. ಬಲವೆಲ್ಲ ಅವುಗಳದ್ದೇ. ಒಂದು ಸಲ ಮುರಿದರೆ ಹೊರಗೆ ಏನೂ ಕಾಣುವುದಿಲ್ಲ. ಎಣ್ಣೆ, ಪೆಟ್ರೋಲ್ ತಾಗಿದ ಕೈಯಲ್ಲಿ ಮುಟ್ಟಬೇಡ. ಬಾಣದ ಗುರುತಿದ್ದರೆ ಎಂಜಿನ್ ತಿರುಗುವ ದಿಕ್ಕಿಗೇ ಹಾಕು. ಕಿಲೋಮೀಟರ್ ಜಾಸ್ತಿ ಆಗಿಲ್ಲ, ಬೆಲ್ಟ್ ಬದಲಿಸುವುದು ಬೇಡ ಅಂತ ಗಿರಾಕಿ ಅಂದರೆ ಒಪ್ಪಬೇಡ. ರಬ್ಬರಿಗೆ ವಯಸ್ಸೂ ಆಗುತ್ತದೆ. ಷೆಡ್ಡಿನಲ್ಲಿ ನಿಂತಿದ್ದರೂ ಐದು ವರ್ಷಕ್ಕೆ ಬದಲಿಸಲೇಬೇಕು.

ಬೆಲ್ಟ್ ಕೂತ ಮೇಲೆ ಟೆನ್ಷನರ್ ಹಗುರಾಗಿ ಬಿಗಿ ಮಾಡಿ, ಬ್ಲಾಕ್ ಎಳೆದು ತೆಗೆ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಟಾಪ್ ಗೇರಿಗೆ ಹಾಕಿ, ಚಕ್ರ ಎತ್ತಿ ನಿಲ್ಲಿಸುವ ಪ್ಯಾಡಾಕ್ ಸ್ಟ್ಯಾಂಡಿನ ಮೇಲೆ ಹಿಂದಿನ ಚಕ್ರವನ್ನು ಮುಂದಕ್ಕೆ ಮೆಲ್ಲಗೆ ತಿರುಗಿಸು. ಕ್ರ್ಯಾಂಕ್ ಎರಡು ಪೂರ್ತಿ ಸುತ್ತು ಬಂದರೆ ಕ್ಯಾಮ್ ಒಂದು ಸುತ್ತು ಬರುತ್ತದೆ, ಗುರುತೆಲ್ಲ ಮತ್ತೆ ಕೂಡಬೇಕು. ನಡುವೆ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಒತ್ತಾಯ ಮಾಡಬೇಡ. ಅಲ್ಲೇ ನಿಲ್ಲಿಸು, ನನಗೆ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ.

ಬಿಗಿ ನೋಡುವುದು ಎಂಜಿನ್ ಪೂರ್ತಿ ತಣ್ಣಗಿದ್ದಾಗ. ಅಲ್ಯೂಮಿನಿಯಂ ಕಾದರೆ ಹಿಗ್ಗುತ್ತದೆ, ಆಗ ಬೆಲ್ಟ್ ತಾನಾಗಿಯೇ ಬಿಗಿಯಾಗುತ್ತದೆ. ಬೆಲ್ಟಿನ ಉದ್ದದ ಭಾಗವನ್ನು ಬೆರಳಲ್ಲಿ ಮೀಟಿ, ಫೋನಿನ ಮೈಕ್ ಹತ್ತಿರ ಹಿಡಿದರೆ ಹರ್ಟ್ಸ್, ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಅಂತ, ತೋರಿಸುವ ಆ್ಯಪ್ ಇದೆ ಅಂತ ನೀನೇ ಹೇಳಿದ್ದೆ. ಒಳ್ಳೆಯ ದಾರಿ ಅದು. ಆದರೆ ಹರ್ಟ್ಸ್ ಸ್ವಲ್ಪ ಏರಿದರೂ ಬಿಗಿ ಜಾಸ್ತಿ ಏರಿರುತ್ತದೆ. ಹರ್ಟ್ಸ್ ಶೇಕಡಾ 10 ಹೆಚ್ಚಾದರೆ ಬಿಗಿ ಶೇಕಡಾ 21 ಹೆಚ್ಚಾಗಿದೆ ಅಂತ ಅರ್ಥ. ಹಾಗಾಗಿ ಮ್ಯಾನುಯಲ್ಲಿನ ಅಂಕಿಗೆ ಹತ್ತಿರ ಬಂದರೆ ಸಾಲದು, ಅಲ್ಲಿಗೇ ತಲುಪಿಸು. ಸಡಿಲವಾದರೆ ಹಲ್ಲು ಹಾರುತ್ತದೆ. ಜಾಸ್ತಿ ಬಿಗಿಯಾದರೆ ಬೇರಿಂಗೂ ಬೆಲ್ಟೂ ಎರಡೂ ಬೇಗ ಹೋಗುತ್ತವೆ. ಟೆನ್ಷನರ್ ಬೋಲ್ಟಿಗೆ ಟಾರ್ಕ್ ರೆಂಚ್ ಹಾಕು, ಕೈ ಅಂದಾಜು ಬೇಡ. ಬಿಗಿ ಮಾಡಿದ ಮೇಲೆ ಇನ್ನೊಂದು ಸಲ ಮೀಟಿ ನೋಡು. ಬೋಲ್ಟ್ ತಿರುಗುವಾಗ ಟೆನ್ಷನರೂ ಒಂಚೂರು ಸರಿಯುತ್ತದೆ.

ಈಗ ನನಗೆ ಬೇಕಾದದ್ದು ಹೇಳುತ್ತೇನೆ. ವರ್ನಿಯರ್ ಹಿಡಿದು ಪುಲ್ಲಿಯ ಹಲ್ಲಿನ ಮೇಲಿನ ಅಳತೆ ತೆಗೆ. ಎರಡು ಪುಲ್ಲಿ ನಡುವಿನ ಸಂದು ಎಷ್ಟು ಅಂತ ನೋಡು. ಪುಲ್ಲಿಯ ಅಗಲ, ಹಳೇ ಬೆಲ್ಟಿನ ಬೆನ್ನಿನ ದಪ್ಪ ಕೂಡ ಬರೆದುಕೋ. ಸೆಂಟರಿನ ದೂರ ನೀನು ಅಳೆಯಬೇಡ. ಪುಲ್ಲಿಯ ಅಳತೆಗೆ ಸಂದು ಕೂಡಿಸಿದರೆ ನನಗೆ ಸಿಗುತ್ತದೆ. ಪುಲ್ಲಿಯ ಮುಂದುಗಡೆ ಅಂಚು ಎತ್ತರಿಸಿದೆಯಾ ಅನ್ನುವುದನ್ನು ಮರೆಯದೆ ನೋಡು. ಇದ್ದರೆ ಬ್ಲಾಕ್ ಮುಂದಿನಿಂದ ಒಳಗೆ ಹೋಗುವುದಿಲ್ಲ, ಎರಡು ಭಾಗ ಮಾಡಿ ನಡುವೆ ಸ್ಕ್ರೂ ಇಡಬೇಕಾಗುತ್ತದೆ. ಒಂದೊಂದು ಅಳತೆಯನ್ನೂ ಎರಡೆರಡು ಜಾಗದಲ್ಲಿ ತೆಗೆದು ಕಳಿಸು. ಶನಿವಾರದೊಳಗೆ ಬಂದರೆ ಭಾನುವಾರ ಲೇತ್ ಖಾಲಿ ಇರುತ್ತದೆ, ಸೋಮವಾರ ಪಾರ್ಸೆಲ್ ಹಾಕಿಬಿಡುತ್ತೇನೆ. ಅದರ ಜೊತೆಗೆ ಅಮ್ಮ ಶೇಂಗಾ ಚಟ್ನಿಪುಡಿ ಕಳಿಸುತ್ತಾಳಂತೆ. ಎಣ್ಣೆ ಬಿಡುವಂಥದ್ದು, ಬ್ಲಾಕಿಗೆ ತಾಗದ ಹಾಗೆ ಬೇರೆ ಕವರಿನಲ್ಲಿ ಕಟ್ಟಿಸುತ್ತೇನೆ.

ನಿನ್ನ
ಅಪ್ಪಾಜಿ