ಪುಸ್ತಕಕ್ಕೂ ಚಕ್ಕುಬಂದಿ ಇದೆ

ಕ್ರಾಯ್ಡನ್, ಲಂಡನ್
ಭಾನುವಾರ

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾವು ಇಲ್ಲಿ ಕ್ಷೇಮ. ಅಮ್ಮನ ಮಂಡಿನೋವು ಹೇಗಿದೆ? ಫೋನಿನಲ್ಲಿ ಕೇಳಿದರೆ "ಪರವಾಗಿಲ್ಲ" ಅಂತಲೇ ಹೇಳುತ್ತಾಳೆ. ನೀವಾದರೂ ನಿಜ ಬರೆಯಿರಿ.

ಹೋದ ವಾರ ನನ್ನ ಕಾದಂಬರಿ ಬಗ್ಗೆ "ಪುಸ್ತಕದ್ದು ಏನಾಯ್ತಮ್ಮ" ಅಂತ ಕೇಳಿದಿರಿ. ನಾನು ಮಾತು ತೇಲಿಸಿದೆ. ನಾನೊಂದು ತಪ್ಪು ಮಾಡಿದ್ದೆ ಅಪ್ಪ. ದಸ್ತಾವೇಜು ಬರೆಯುವವರ ಮಗಳು ಮಾಡಬಾರದಿದ್ದ ತಪ್ಪು. ಅದನ್ನು ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ.

ಇಲ್ಲಿ ದೊಡ್ಡ ಪ್ರಕಾಶಕರು ಬರೆದವರಿಂದ ನೇರವಾಗಿ ಹಸ್ತಪ್ರತಿ ತೆಗೆದುಕೊಳ್ಳುವುದು ಕಡಿಮೆ. ನಡುವೆ ಏಜೆಂಟ್ ಬೇಕು. ಅವರಿಗೆ ಒಂದು ಪುಟದ ಪತ್ರ, ಕಥೆಯ ಸಾರಾಂಶ, ಸಾಮಾನ್ಯವಾಗಿ ಮೊದಲ ಮೂರು ಅಧ್ಯಾಯ ಕಳಿಸಬೇಕು. ಓದುವುದಕ್ಕೆ ದುಡ್ಡು ಕೇಳುವುದಿಲ್ಲ. ಕೇಳಿದರೆ ಅಂಥವರ ಹತ್ತಿರ ಹೋಗಲೇಬಾರದು. ಪುಸ್ತಕವನ್ನು ಪ್ರಕಾಶಕರಿಗೆ ಮಾರಿಕೊಟ್ಟ ಮೇಲೆ ನಮಗೆ ಬರುವ ಹಣದಲ್ಲಿ ನೂರಕ್ಕೆ 15 ಅವರದು, ಬೇರೆ ದೇಶಕ್ಕೆ ಮಾರಿಕೊಟ್ಟರೆ 20. ಹೆಚ್ಚುಕಡಿಮೆ ಎಲ್ಲ ಕಡೆ ಇದೇ ಲೆಕ್ಕ. ಒಂದೇ ಸಲ ಐದಾರು ಜನಕ್ಕೆ ಕಳಿಸಿದರೂ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಫೆಬ್ರವರಿಯಲ್ಲಿ ಆರು ಜನಕ್ಕೆ ಕಳಿಸಿದೆ. ದೆಹಲಿಯಲ್ಲಿ ನನಗೆ ಆಗಲೇ ಒಬ್ಬ ಏಜೆಂಟ್ ಇದ್ದಾರೆ ಅನ್ನುವುದನ್ನು ಮಾತ್ರ ಬರೆಯಲಿಲ್ಲ. ಇಲ್ಲಿ ನನ್ನ ಜೊತೆ ಬರೆಯುವ ಗೆಳತಿಯೊಬ್ಬಳು "ಮೊದಲು ಪುಸ್ತಕ ಇಷ್ಟ ಆಗಲಿ, ಆಮೇಲೆ ಹೇಳಿದರಾಯ್ತು" ಅಂದಿದ್ದಳು. ನನಗೂ ಅದೇ ಬೇಕಿತ್ತು. ನಾನೇನೂ ಸುಳ್ಳು ಹೇಳಿಲ್ಲವಲ್ಲ ಅಂತ ಸಮಾಧಾನ ಮಾಡಿಕೊಂಡೆ.

ಏಪ್ರಿಲ್‌ನಲ್ಲಿ ಒಬ್ಬರು ಪೂರ್ತಿ ಹಸ್ತಪ್ರತಿ ತರಿಸಿಕೊಂಡರು. ಮೂರು ವಾರಕ್ಕೆ ಅವರೇ ಫೋನ್ ಮಾಡಿದರು. ಕೊಬ್ಬರಿ ಅಟ್ಟದ ಅಧ್ಯಾಯ, ಅಜ್ಜಿ ಕಾಯಿ ಸುಲಿಯುವವರ ಕೂಲಿ ಲೆಕ್ಕ ಹಾಕುವ ಜಾಗ, ಎಲ್ಲ ನೆನಪಿಟ್ಟುಕೊಂಡು ಮಾತಾಡಿದರು. ನನಗೆ ಕಣ್ಣು ತುಂಬಿ ಬಂತು. ಆಮೇಲೆ ಕೇಳಿದರು: "ಇಂಡಿಯಾದಲ್ಲಿ ಪ್ರಕಟಿಸುವ ಹಕ್ಕು ನಿಮ್ಮ ಹತ್ತಿರವೇ ಇದೆ ತಾನೆ?"

ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. "ಏಜೆಂಟ್ ಇರುವುದು ತೊಂದರೆಯೇ ಅಲ್ಲ. ಆದರೆ ಎಲ್ಲ ಹಕ್ಕೂ ಇದೆ ಅಂದುಕೊಂಡು ಇಷ್ಟು ದಿನ ಓದಿದೆ. ಇನ್ನೇನೇನು ಹೇಳಿಲ್ಲವೋ ಅಂತ ಈಗ ಯೋಚನೆ ಬರುತ್ತದೆ" ಅಂದರು. ಎರಡು ದಿನಕ್ಕೆ ಬೇಡ ಅಂತ ಮೇಲ್ ಬಂತು.

ಆ ರಾತ್ರಿ ಅರಸೀಕೆರೆಯ ಸಬ್ ರಿಜಿಸ್ಟ್ರಾರ್ ಕಚೇರಿ ಮುಂದಿನ ನಿಮ್ಮ ಮೇಜು ಕಣ್ಣ ಮುಂದೆ ಬಂತು. ಛಾಪಾ ಕಾಗದದ ಮೇಲೆ ಗಾಳಿಗೆ ಹಾರದಂತೆ ಇಟ್ಟಿದ್ದ ಬೀಗ, ಹೆಬ್ಬೆಟ್ಟಿನ ಶಾಯಿ ಡಬ್ಬಿ. ನಾನು ಏಳನೇ ಕ್ಲಾಸಿನಲ್ಲಿದ್ದೆ, ಊಟದ ಕ್ಯಾರಿಯರ್ ತಂದಿದ್ದೆ. ಒಬ್ಬ ರೈತ ಎರಡು ಎಕರೆ ಮಾರಲು ಬಂದಿದ್ದ. ಸೊಸೈಟಿ ಸಾಲ ಇತ್ತು. "ತೀರಿಸ್ತೀನಿ ಸ್ವಾಮಿ, ಅದನ್ಯಾಕೆ ಹೇಳೋದು" ಅಂದ. ನೀವು ಪೆನ್ನಿನ ಮುಚ್ಚಳ ಹಾಕಿದಿರಿ. "ಜಮೀನಿನ ಮೇಲಿನ ಸಾಲ ತೋರಿಸುವ ಋಣಭಾರ ಪತ್ರ, ಇಸಿ, ತೆಗೆಸಿದರೆ ಹೇಗೂ ಕಾಣುತ್ತಪ್ಪ. ಅವರು ನೋಡೋಕೆ ಮುಂಚೆ ನೀನೇ ಹೇಳಿಬಿಡು" ಅಂದಿರಿ.

ಪುಸ್ತಕಕ್ಕೆ ಇಸಿ ಇಲ್ಲ ಅಪ್ಪ. ಯಾವ ದೇಶದ ಹಕ್ಕು ಯಾರ ಹತ್ತಿರ ಇದೆ ಅಂತ ಅರ್ಜಿ ಹಾಕಿ ತೆಗೆಸಿಕೊಳ್ಳುವ ಕಚೇರಿ ಇಲ್ಲ. ಬರೆದವಳು ಏನು ಹೇಳುತ್ತಾಳೋ ಅದನ್ನೇ ನಂಬಬೇಕು. ಅದಕ್ಕೇ ಮೊದಲ ಪತ್ರದಲ್ಲೇ ಹೇಳಬೇಕಿತ್ತು.

ಒಂದೇ ಪುಸ್ತಕವನ್ನು ಜಮೀನಿನ ಹಾಗೆ ಹಿಸ್ಸೆ ಮಾಡಬಹುದು. ನಮ್ಮ ಹಾಸನದ ಬಾನು ಮುಷ್ತಾಕ್ ಅವರಿಗೆ 2025ರ ಮೇನಲ್ಲಿ ಇದೇ ಲಂಡನ್‌ನಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತಲ್ಲ, ದೀಪಾ ಭಾಸ್ತಿ ಅನುವಾದಿಸಿದ 'ಹಾರ್ಟ್ ಲ್ಯಾಂಪ್'. ಇಲ್ಲಿ ಅದನ್ನು ತಂದಿದ್ದು ಶೆಫೀಲ್ಡಿನ ಅಂಡ್ ಅದರ್ ಸ್ಟೋರೀಸ್ ಅನ್ನುವ ಸಣ್ಣ ಪ್ರಕಾಶನ. ನಮ್ಮಲ್ಲಿ ಪೆಂಗ್ವಿನ್. ಹೀಗೆ ಬೇರೆ ಮಾಡುವುದು ಇಲ್ಲಿ ಎಲ್ಲರಿಗೂ ಇಷ್ಟವಿಲ್ಲ. ಬ್ರಿಟನ್ ಜೊತೆ ಕಾಮನ್‌ವೆಲ್ತ್ ದೇಶಗಳ ಹಕ್ಕನ್ನೂ ಒಟ್ಟಿಗೆ ಕೇಳುವುದು ಇಲ್ಲಿನ ಪ್ರಕಾಶಕರ ಹಳೆಯ ಅಭ್ಯಾಸ. 1947ರಲ್ಲಿ ಅದಕ್ಕೇ ತಮ್ಮೊಳಗೆ ಒಪ್ಪಂದ ಮಾಡಿಕೊಂಡಿದ್ದರಂತೆ, ನಮಗೆ ಸ್ವಾತಂತ್ರ್ಯ ಬಂದ ವರ್ಷವೇ! ಅಮೆರಿಕ ಸರ್ಕಾರ ಕೋರ್ಟಿಗೆ ಹೋದ ಮೇಲೆ 1976ರಲ್ಲಿ ಅದು ರದ್ದಾಯಿತು. ಆದರೂ ಇಂಡಿಯಾ ಸೇರಿಸಿ ಕೊಡಿ ಅನ್ನುವವರು ಈಗಲೂ ಇದ್ದಾರೆ. ಅಂಥವರಿಗೆ ನನ್ನ ಪುಸ್ತಕ ಆಗುವುದಿಲ್ಲ. ಅದು ಅವರಿಗೆ ಮೂರು ಅಧ್ಯಾಯ ಓದುವ ಮುಂಚೆ ಗೊತ್ತಾಗಬೇಕು, ಅಲ್ವಾ?

ಇದಕ್ಕಿಂತ ಕೆಟ್ಟದ್ದೂ ಆಗಬಹುದಿತ್ತು. ಒಂದೇ ಹಕ್ಕನ್ನು ಇಬ್ಬರು ಏಜೆಂಟರಿಗೆ ಬರೆದುಕೊಟ್ಟರೆ ಇಬ್ಬರೂ ಕಮಿಷನ್ ಕೇಳುತ್ತಾರೆ. ಒಂದೇ ಜಮೀನಿಗೆ ಇಬ್ಬರ ಹತ್ತಿರ ಅಡ್ವಾನ್ಸ್ ತೆಗೆದುಕೊಂಡ ಹಾಗೆ.

ಮಾರನೇ ದಿನ ದೆಹಲಿಯವರಿಗೆ ಫೋನ್ ಮಾಡಿದೆ. ಅವರಿಗೂ ನಾನು ಹೇಳಿರಲಿಲ್ಲ. ನಿಜವಾಗಿ ಮೊದಲು ಹೇಳಬೇಕಾಗಿದ್ದು ಅವರಿಗೇ. ಮೂರು ವರ್ಷದಿಂದ ಈ ಪುಸ್ತಕದ ಒಂದೊಂದು ಕರಡೂ ಓದಿದವರು. ನೊಂದುಕೊಂಡರು, ಅದು ದನಿಯಲ್ಲೇ ಗೊತ್ತಾಯಿತು. ಆಮೇಲೆ ಇಬ್ಬರೂ ಸೇರಿ ಅಗ್ರಿಮೆಂಟಿನ 4ನೇ ಕಲಂ ಓದಿದೆವು. ಅವರಿಗೆ ಕೊಟ್ಟಿರುವುದು ಭಾರತ ಉಪಖಂಡದ ಇಂಗ್ಲಿಷ್ ಹಕ್ಕು ಮಾತ್ರ. ಉಳಿದದ್ದು ನನ್ನದೇ. "ನನ್ನ ಹೆಸರು ಕೊಡು, ಬೇಕಾದರೆ ಅವರ ಜೊತೆ ನಾನೇ ಮಾತಾಡ್ತೀನಿ" ಅಂದರು. ಆ ಮಾತನ್ನು ನಾನು ಮರೆಯುವುದಿಲ್ಲ.

ಈಗ ಪತ್ರದ ಕೊನೆಗೆ, ನನ್ನ ಪರಿಚಯಕ್ಕೆ ಮುಂಚೆ, ಮೂರು ಸಾಲು ಸೇರಿಸಿದ್ದೇನೆ: "ಈ ಕಾದಂಬರಿಯ ಭಾರತ ಉಪಖಂಡದ ಇಂಗ್ಲಿಷ್ ಹಕ್ಕನ್ನು ದೆಹಲಿಯ ನನ್ನ ಏಜೆಂಟ್ ನೋಡಿಕೊಳ್ಳುತ್ತಾರೆ. ಉಳಿದ ದೇಶಗಳ ಹಕ್ಕು, ಅನುವಾದ ಮತ್ತು ಸಿನಿಮಾ ಹಕ್ಕು ನನ್ನಲ್ಲಿವೆ. ನಿಮಗೆ ಬರೆಯುತ್ತಿರುವುದು ಅವರಿಗೆ ಗೊತ್ತು." ಕೆಳಗೆ ಅವರ ಹೆಸರು. ಕ್ಷಮೆ ಕೇಳುವ ದನಿ ಬೇಡ ಅಂತ ನಾಲ್ಕು ಸಲ ತಿದ್ದಿದೆ. ಏಜೆಂಟ್ ಇರುವುದು ತಪ್ಪಲ್ಲ. ನಮ್ಮ ಕಡೆ ಒಬ್ಬರು ಆಗಲೇ ಈ ಪುಸ್ತಕ ನಂಬಿದ್ದಾರೆ ಅಂತ ಅರ್ಥ.

ಹೊಸದಾಗಿ ಏಳು ಜನಕ್ಕೆ ಹೀಗೆ ಕಳಿಸಿದೆ. ಮೊದಲ ಸುತ್ತಿನ ಉಳಿದ ಐವರಿಗೂ ಇದನ್ನೇ ಬರೆದು ತಿಳಿಸಿದೆ. ಇಬ್ಬರು ಇಂಡಿಯಾ ಇಲ್ಲದಿದ್ದರೆ ಬೇಡ ಅಂದರು, ಒಂದೇ ವಾರದಲ್ಲಿ. ಒಬ್ಬರು ಪೂರ್ತಿ ಹಸ್ತಪ್ರತಿ ಕೇಳಿದ್ದಾರೆ, ಜೊತೆಗೆ ಆ 4ನೇ ಕಲಂ ಇರುವ ಪುಟವನ್ನೂ.

ಅದಕ್ಕೆ ನಿಮ್ಮಿಂದ ಒಂದು ಕೆಲಸ ಆಗಬೇಕು. ಸಹಿ ಆದ ಪ್ರತಿ ಊರಲ್ಲೇ ಇದೆ. ಬೀರುವಿನ ಕೆಳಗಿನ ಖಾನೆ, ಮನೆಪತ್ರ ಇರುವ ಹಸಿರು ಫೈಲು. ಸಹಿ ಹಾಕುವ ಮುಂಚೆ ನೀವು ಒಂದೊಂದೇ ಪದ ಕೇಳಿ ಓದಿಸಿಕೊಂಡಿದ್ದಿರಿ. ಉಪಖಂಡ ಅಂದರೆ ಯಾವ ಯಾವ ದೇಶ ಅಂತ ಹೆಸರು ಹೇಳಿಸಿ, ಜಮೀನಿನ ನಾಲ್ಕು ಕಡೆಯ ಎಲ್ಲೆ ನೋಡುವ ಹಾಗೆ, "ಚಕ್ಕುಬಂದಿ ಸರಿಯಾಗಿದೆ" ಅಂತ ಪಕ್ಕದಲ್ಲಿ ಪೆನ್ಸಿಲ್ ಗುರುತು ಹಾಕಿದ್ದಿರಿ. ಆ ಪುಟ ಮತ್ತು ಸಹಿಯ ಪುಟ ಎರಡನ್ನೂ ಹಗಲು ಬೆಳಕಿನಲ್ಲಿ ಫೋಟೋ ತೆಗೆದು ವಾಟ್ಸಾಪ್ ಮಾಡಿ. ಗುರುತು ಅಳಿಸಬೇಡಿ, ಹಾಗೇ ಇರಲಿ. ಬುಧವಾರದೊಳಗೆ ಬಂದರೆ ಸಾಕು.

ಅಮ್ಮನಿಗೆ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಪ್ರೀತಿಯ ಮಗಳು